ಕಿಟಕಿ ನಂಬರು ಮೂರು

ಸೂರ್ ಪಟ್ಟಣದ ಸರಕಾರಿ ಆಸ್ಪತ್ರೆ. ಏಳೂವರೆಗೇ
ಮದ್ದಿನ ಕಿಟಕಿಯ ಗಾಜಿಗೆ ಬಿಸಿಲು ಮೆತ್ತಿಕೊಂಡಿತ್ತು.
ಉಮ್ಮು ಖಲ್ಫಾನ್ ಬಂದಳು,
ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಸಿ
ಇವತ್ತೇ ಮೊದಲು ಹೊಸ್ತಿಲು ದಾಟಿದ್ದಂತೆ.
ಖರ್ಜೂರದ ಗೋಣಿಯನ್ನು
ತುಂಬಿದ ಕೊಡದ ಹಾಗೆ ಸೊಂಟದಿಂದಿಳಿಸಿ
'ಇದು ನಿಮ್ಮದು' ಎಂದಳು.

ಸುರಿದೆ.
ಸಕ್ಕರೆಯ ಮಾತ್ರೆ, ರಕ್ತದೊತ್ತಡದ್ದು, ಕಣ್ಣಿನ ಹನಿ,
ಒಣಮೀನು ವಾಸನೆಯ ಹನ್ನೊಂದು ಇನ್ಸುಲಿನ್ ಪೆನ್ನು.
ಒಂದರದೂ ಸೀಲು ಒಡೆದಿಲ್ಲ.
ಎಲ್ಲದರ ಮೇಲೂ ಅವರ ಹೆಸರು,
ಪಕ್ಕದಲ್ಲಿ ನೀಲಿ ಶಾಯಿಯ ನನ್ನದೇ ಗೀಚು.

'ನುಂಗಲೇ ಇಲ್ಲವೇ?'
'ಡಾಕ್ಟರಮ್ಮ ಪಾಪ ಅಷ್ಟುದ್ದ ಬರೆಯುತ್ತಾಳೆ,
ಬೇಡವೆಂದರೆ ನೊಂದುಕೊಂಡಾಳು ಅಂತ ತರುತ್ತಿದ್ದರು.
ಬೀರುವಿಗೆ ಹಾಕಿ ಬೀಗ ಜಡಿದರೆ
ರೋಗವೂ ಒಳಗೇ ಕೂತಿರುತ್ತದೆ ಅನ್ನುತ್ತಿದ್ದರು.'

ಮಾತು ಆಡಿದರೆ ಹೋಯಿತು ಅನ್ನುತ್ತೇವೆ ನಮ್ಮೂರಲ್ಲಿ.
ಇಲ್ಲಿ ಮದ್ದು ಕೊಟ್ಟರೆ ಹೋಯಿತು:
ಕಿಟಕಿ ದಾಟಿದ್ದು ಮತ್ತೆ ಕಿಟಕಿ ದಾಟುವಂತಿಲ್ಲ.
ಯಾವ ಕಾರಿನ ಕೆಂಡದಲ್ಲಿ ಎಷ್ಟು ಹೊತ್ತು ಬೆಂದಿತ್ತೋ,
ನಿಯಮ ಸುಳ್ಳಲ್ಲ.
ತೂಗಬೇಕು, ಬರೆಯಬೇಕು, ಹಳದಿ ಚೀಲ ಕಟ್ಟಬೇಕು,
ಭಾನುವಾರದ ಲಾರಿಗೆ, ಅಲ್ಲಿಂದ ಬೆಂಕಿಗೆ.

ಹನ್ನೆರಡು ವರ್ಷವಾದರೂ ಲೆಕ್ಕ ಮಾತ್ರ
ನನಗೆ ಕನ್ನಡದಲ್ಲೇ ಬರುವುದು.
ಮುನ್ನೂರ ಹನ್ನೆರಡು ರಿಯಾಲು, ನಾನೂರು ಬೈಸೆ.
ಸೊನ್ನೆ ಕೈ ಇಲ್ಲ, ಮತ್ತೊಮ್ಮೆ ಕೂಡಿದೆ. ಅಷ್ಟೇ.

ನಮ್ಮ ಕಟ್ಟಡದ ಕೆಳಮನೆಯ ದಾಮೋದರಾಚಾರಿ
ಮರದ ಹಡಗು ಕಟ್ಟುವ ಅಂಗಳದಲ್ಲಿ ಬಡಗಿ.
ಈ ಕಿಟಕಿ ಅವನ ಕಾರ್ಡಿಗಿಲ್ಲ;
ಖಾಸಗಿ ಅಂಗಡಿಯಲ್ಲಿ ಕೊಂಡ ಇದೇ ಮಾತ್ರೆಯನ್ನು
ಉಳಿಯಿಂದ ಸೀಳಿ ಒಂದು ತಿಂಗಳನ್ನು ಎರಡು ಮಾಡುತ್ತಾನೆ.
ಬೈದರೆ, 'ನಡುವೆ ಗೀಟು ಕಂಪನಿಯವರೇ ಹಾಕಿದ್ದಾರಲ್ಲ!'

ಒಂದು ಪಟ್ಟಿ ಕೈಯಲ್ಲೇ ಉಳಿಯಿತು.
ಅದೇ ಹೆಸರು, ಅದೇ ಹತ್ತು ಮಿಲಿಗ್ರಾಂ,
ಅವಧಿಗೆ ಇನ್ನೂ ವರ್ಷವಿದೆ.
ನನ್ನ ಕೋಟಿಗೆ ಎರಡು ಜೇಬು.

ಚೀಲಕ್ಕೇ ಹಾಕಿದೆ.
ಫಾರಮ್ಮಿನಲ್ಲಿ 'ಕಾರಣ' ಎಂಬಲ್ಲಿ ಮೂರೇ ಚೌಕ:
ಅವಧಿ ಮೀರಿದೆ, ಹಾಳಾಗಿದೆ, ರೋಗಿ ತೀರಿದ್ದಾರೆ.
ಮೂರನೆಯದಕ್ಕೆ ಗುರುತು ಹಾಕಿದೆ.
ನೊಂದುಕೊಂಡಾಳು ಎಂಬುದಕ್ಕೆ ಚೌಕವಿಲ್ಲ.

'ಗೋಣಿ ಕೊಡು ಮಗಳೇ,' ಅಂದಳು ಮುದುಕಿ,
'ಅದು ಸರಕಾರದ್ದಲ್ಲ.'
ಕೊಡವಿ, ನಾಲ್ಕಾಗಿ ಮಡಚಿ ಕಂಕುಳಲ್ಲಿಟ್ಟು ಹೋದಳು.

ಮುಂದಿನ ಟೋಕನ್ನು. ಮೂರು ತಿಂಗಳ ಮದ್ದು.
ಚೀಟಿ ಅಂಟಿಸುತ್ತ, ಎಂದೂ ಕೇಳದ್ದನ್ನು ಕೇಳಿದೆ:
'ನುಂಗುತ್ತೀರಿ ತಾನೆ?'
ಆತ ನಕ್ಕು ತಲೆಯಾಡಿಸಿದ.

ಅವರೂ ಹೀಗೇ ಆಡಿಸುತ್ತಿದ್ದರು.