ಸೂರು

ಊರಿನ ಹೆಸರು ಸೂರ್.
ನನ್ನ ಬಾಯಿಗೆ ಬಿದ್ದು ಸೂರು ಆಯಿತು.
ಗಂಗೊಳ್ಳಿಗೆ ಬರೆದ ಮೊದಲ ಕಾಗದಕ್ಕೆ
‘ಅಂತೂ ತಲೆ ಮೇಲೊಂದು ಸೂರಾಯ್ತಲ್ಲ’ ಎಂದು
ಅಕ್ಕನ ಉತ್ತರ.
ಇಲ್ಲಿ ಸೂರೆಂಬುದೇ ಇಲ್ಲ ಅಕ್ಕ,
ಎಲ್ಲ ಬೋಳು ಮಾಳಿಗೆ,
ಇಳಿಜಾರು ಯಾರಿಗೆ ಬೇಕು, ಇಳಿಯುವ ನೀರೇ ಇಲ್ಲದ ಮೇಲೆ.

ಬಂದದ್ದು ಎಂಬತ್ತೆರಡರಲ್ಲಿ. ಕೈಯಲ್ಲಿ ಏಳು ಕುಂಚ.
ಹಡಗಿನ ಮೂತಿಗೆ ಹೆಸರು ಬರೆಯುವವ ಬೇಕೆಂದು
ಜುಮಾ ಬಿನ್ ಸುವೈದ್ ಹೇಳಿ ಕಳಿಸಿದ್ದ;
ನಾನು ಮುಟ್ಟುವಷ್ಟರಲ್ಲಿ
ಅವನ ಅಂಗಳದಲ್ಲಿ ಹಡಗು ಒಂದೇ ಉಳಿದಿತ್ತು,
ಅದೂ ಅರ್ಧ, ಪಕ್ಕೆಲುಬು ಎಣಿಸಬಹುದಿತ್ತು.
ಕಟ್ಟೆಯ ಮೇಲೆ ಮುದುಕರು, ಮೀನೆಣ್ಣೆಯ ಡಬ್ಬ,
ಗೂಟಕ್ಕೊಂದು ಮೇಕೆ.
‘ನಿಮ್ಮ ಕಡೆಯ ತೇಗ ಇದು’ ಎಂದು ಜುಮಾ ತಟ್ಟಿದ.
ನಾನೂ ತಟ್ಟಿದೆ.
ಮರಕ್ಕೂ ನನಗೂ ಗುರುತು ಹತ್ತಲಿಲ್ಲ.

ಹಾಗೆ ಅಂಗಡಿ ಬೋರ್ಡುಗಳಿಗೆ ಇಳಿದೆ.
ಅರಬ್ಬಿ ಬಾರದು. ರಂಗೋಲಿ ನೋಡಿ ಎಳೆದ ಹಾಗೆ ಎಳೆದೆ,
ಅದೂ ಎಡದಿಂದ, ಬಾಲ ಹಿಡಿದು ತಲೆಯ ಕಡೆಗೆ.
ಕಸಾಯಿ ಖಲ್ಫಾನನ ತಗಡಿನಲ್ಲಿ
ಚುಕ್ಕಿಯೊಂದು ಹೆಚ್ಚಾಗಿ ಬಿದ್ದು
ಕುರಿಮರಿ ಇದ್ದದ್ದು ಒಂಟೆಯಾಯಿತು.
ಮೂರು ದಿನ ಒಂಟೆ ಮಾಂಸ ಕೇಳಿಕೊಂಡು ಜನ.
ನಾಲ್ಕನೇ ದಿನ ಅವನು ಒಂಟೆಯನ್ನೇ ತರಿಸಿದ.
ಚುಕ್ಕಿ ಹಾಗೇ ಉಳಿಯಿತು.

ಅದೇ ತಗಡು ಆಮೇಲೆ ಟಯರು ಅಂಗಡಿ;
ಟಯರಿನ ಮೇಲೆ ವಿಡಿಯೋ ಕ್ಯಾಸೆಟ್ಟು, ಹಳದಿಯಲ್ಲಿ;
ಕಲ್ಹಾತಿನ ಕಡೆ ಗ್ಯಾಸಿನ ಕೊಳವೆಗಳೆದ್ದಾಗ
ಕ್ಯಾಸೆಟ್ಟಿನ ಮೇಲೆ ‘ಕೂಲಿ ಸರಬರಾಜು’.
ಊರಿನ ಚರಿತ್ರೆ ಬರೆಸಬೇಕೆಂದು ಮುನಿಸಿಪಾಲಿಟಿಯವರು
ಯಾರ್ಯಾರನ್ನೋ ಕರೆಸಿದರು.
ಒಂದು ಉಳಿ ಕೊಟ್ಟಿದ್ದರೆ ನಾನೇ ಕೆರೆದು ತೋರಿಸುತ್ತಿದ್ದೆ.

ಜುವೈನಾ ಬೀಬಿಯದು ಬೇರೆ ಕತೆ.
ಗಲಭೆಯ ವರ್ಷ ಜಂಜಿಬಾರಿನಿಂದ
ಒಂದು ಬಾಣಲೆ ಹೊತ್ತು ಬಂದವಳು.
ಸಂಜೆ ಮಂದಾಜಿ ಕರಿಯುವಾಗ
ಎಣ್ಣೆಗೆ ಸ್ವಾಹಿಲಿಯಲ್ಲಿ ಬೈಯುತ್ತಿದ್ದಳು.
‘ನನ್ನ ಬೋರ್ಡಿಗೆ ಅಕ್ಷರ ಬೇಡ. ಅಲ್ಲಿಯ ಮನೆ ಬರಿ’ ಎಂದು
ಹಿಟ್ಟಿನ ಹಲಗೆಯ ಮೇಲೆ ಬೆರಳಲ್ಲಿ ಗೀಚಿದಳು:
ಎರಡೂ ಕಡೆ ಇಳಿಜಾರು, ಸಾಲು ಸಾಲು ಕೆಂಪು ಹೆಂಚು.
ಸೋರಿದಾಗ ಅಪ್ಪ ಇಳಿಸಿದ ಒಡಕು ಹೆಂಚಿನ ಬೆನ್ನಿಗೆ
ಇಂಗ್ಲಿಷಿನಲ್ಲಿ ಅಚ್ಚೊತ್ತಿದ ಹೆಸರಿತ್ತಂತೆ.
ಅವಳು ಕೂಡಿಸಿ ಓದಲು ಕಲಿತದ್ದೇ ಅದರಲ್ಲಿ:
ಮಂ-ಗ-ಳೂ-ರು.

ನಾನು ನೆಲ ನೋಡಿದೆ.
ನಮ್ಮ ಮನೆಗೆ ಹೆಂಚು ಏರುವಾಗ ನನಗೆ ಹದಿನಾರು.
ಅಲ್ಲಿಯವರೆಗೆ ಮುಳಿಹುಲ್ಲು.

ಬರೆದುಕೊಟ್ಟೆ.
‘ಇಂಥ ಮನೆ ಈ ಊರಲ್ಲೆಲ್ಲಿದೆ?’ ಎಂದು ಇನ್ಸ್‌ಪೆಕ್ಟರು ಕೇಳಿದ್ದಕ್ಕೆ
ಬೀಬಿ ಅವನ ಕೈಗೆ ಬಿಸಿ ಮಂದಾಜಿ ಇಟ್ಟಳು.
ಎರಡು ಸಾವಿರದ ಏಳರ ಚಂಡಮಾರುತ ಬೋರ್ಡನ್ನು ಒಯ್ದಿತು,
ಬಾಣಲೆ ಬಿಟ್ಟಿತು.

ಈಗ ಖಾಡಿಗೆ ತೂಗುಸೇತುವೆ.
ಐಜಾಕ್ಕೆ ದೋಣಿ ದಾಟಿಸುತ್ತಿದ್ದ ಹಮೂದ್
ಸುಮ್ಮನೆ ಅದರ ಮೇಲೆ ಕಾರಿನಲ್ಲಿ ಹೋಗಿ ಬರುತ್ತಾನೆ,
ಕೆಳಗಿನ ನೀರಿಗೆ ಹಾರ್ನ್ ಹೊಡೆಯುತ್ತ.
ಕೊಲ್ಲಂನ ಹುಡುಗನ ಯಂತ್ರ ಗಂಟೆಗೆ ಹತ್ತು ಬೋರ್ಡು ಉಗುಳುತ್ತದೆ,
ಒಂದೂ ಚುಕ್ಕಿ ತಪ್ಪುವುದಿಲ್ಲ.

ಮೊನ್ನೆ ಐಜಾದ ಹಿಂದಿನ ಓಣಿಯಲ್ಲಿ
ಮೇಕೆ ಕೊಟ್ಟಿಗೆಯೊಂದರ ಮೇಲೆ
ಖಲ್ಫಾನನ ತಗಡು ಕಂಡೆ.
ಓರೆಯಾಗಿ ಹೊದಿಸಿದ್ದರು.
ಕೂಲಿ ಸರಬರಾಜು ಬಿಸಿಲಿಗೆ ಹಪ್ಪಳವೆದ್ದು
ಅಡಿಯಲ್ಲಿ ಹಳದಿ, ಹಳದಿಯ ಅಡಿಯಲ್ಲಿ ಕಪ್ಪು,
ಮೂಲೆಯಲ್ಲಿ ಆ ಚುಕ್ಕಿ.
ಪಕ್ಕದ ಮನೆಯ ಏಸಿಯ ನೀರು
ಅದರ ಮೇಲೆ ಬಿದ್ದು, ಜಾರಿ,
ಅಂಚಿನಿಂದ ತೊಟ್ಟಿಕ್ಕುತ್ತಿತ್ತು.
ಸೂರಿನ ನೀರಿಗೆ
ಮೇಕೆ ನಾಲಿಗೆ ಚಾಚಿ ನಿಂತಿತ್ತು.