ಗಾಳಿಗೊಂದು ಕಾಲಂ ಇಲ್ಲ

ಐದು ಮಂದಿ ಹೊಂಟೀವಿ ಚಂದಮ್ಮನ ಹೊಲ ನೋಡ್ಲಾಕ:
ನಾನು, ಖಾತೂನಬಿ, ಸುಗಲಾಬಾಯಿ,
ಹಾಳಿ ಓದ್ಲಾಕ ಸುಗಲಾಬಾಯಿ ಸೊಸಿ.
ಐದನೇದು, ಖರೇ ಹೇಳಬೇಕಂದ್ರ,
ಆಳಂದ ರೋಡಿನ್ಯಾಗ ಬೆನ್ನು ಹತ್ತಿದ ನಾಯಿ.

ದೂರದ ಸಾಹೇಬರ ಮುದ್ರಿಗೆ ಎಕರೆಗಿಷ್ಟು ಅಂತ ರೊಕ್ಕ ಅದ,
ನಮಗ ನಿಲುಕಂಗಿಲ್ಲ.
ಅದಕ್ಕ ಆಕಿ ಹೊಲಕ್ಕ ನಾ ಸಾಕ್ಷಿ, ನನ್ನ ಹೊಲಕ್ಕ ಆಕಿ.
ಒಬ್ಬಾಕಿ ಸುಳ್ಳು ಬರದ್ರ
ಇಪ್ಪತ್ತು ಮನಿ ತೊಗರಿ ಒಮ್ಮೆಲೇ ವಾಪಸ್ಸು.

ಮೂವತ್ತೆರಡು ಪ್ರಶ್ನೆ.
ಬೀಜ ಯಾರ ಮನೀದು?
ಆಕಿ ಗಡಿಗ್ಯಾಗ ಕೈ ಹಾಕಿ ಬೂದಿ ತೋರಿಸಿದಳು.
ಹುಳಕ್ಕ ಏನು ಹೊಡದಿ?
ಹೊಡದಿಲ್ಲವ್ವ, ಅಳ್ಳಾಡಿಸೀನಿ.
ಸಾಲಿನ ಬುಡಕ್ಕ ಹಳೀ ಸೀರಿ ಹಾಸಿ
ಗಿಡ ಹಿಡಿದು ಜಾಡಿಸಿದ್ರ
ಹಸರು ಹುಳ ತಪತಪ ಉದುರತಾವ,
ಅವತ್ತು ಕೋಳಿಗಳಿಗೆ ಎಳ್ಳಮಾಸಿ.
ಸೊಸಿ ಪೆನ್ನು ಎತ್ತಿದಳು:
ಅಳ್ಳಾಡಿಸೋದಕ್ಕ ಇಲ್ಲಿ ಜಾಗ ಇಲ್ಲತ್ತಿ,
ಇತರೆ ಅಂತ ಹಾಕಲಾ?
ಹಾಕು. ನಮ್ಮ ಅರ್ಧ ಬಾಳೇ ಇತರೆ.

ಹೊತ್ತು ಮುಳಗೋ ಕಡಿ ಬದೀಗೆ ನಾಯಿ ಸೀನಿತು.
ಆಚಿ ಕಡಿ ಹತ್ತಿ.
ನಿನ್ನಿ ಸಂಜಿಕ ಪಂಪು ಹೊತ್ತು ತಿರಗ್ಯಾನ ಹಣಮಂತರಾಯ.
ಅಂವ ಕೆಟ್ಟಾಂವ ಅಲ್ಲ, ಚಂದಮ್ಮನ ಕೈಯೂ ಶುದ್ಧ,
ಆದ್ರ ಮೂರು ಸಾಲು ತೊಗರಿ ಮೂಗಿಗೆ ಕಹಿ ಹತ್ತತದ.
ಹಾಳಿ ತಿರುವಿ ಹಾಕಿದ್ವಿ.
ಗಾಳಿಗೊಂದು ಕಾಲಂ ಇಲ್ಲ.

ಚಂದಮ್ಮ ನನ್ನ ಬೀಗತಿ.
ನನ್ನ ಮಗಳು ಆಕಿ ಅಡಗಿಮನ್ಯಾಗ ರೊಟ್ಟಿ ಬಡೀತಾಳ.
ಯಾರೂ ಮಾತಾಡಲಿಲ್ಲ.
ನಾನೇ ಬದುವಿನಿಂದ ಹೆಜ್ಜಿ ಎಣಿಸಿದೆ, ಹನ್ನೆರಡು.
ಅಲ್ಲೊಂದು ಕೆಂಪು ಚಿಂದಿ ಕಟ್ಟಿದೆ:
ಒಳಗಿಂದು ಹಾಸ್ಟೆಲ್ಲಿಗೆ, ಈ ಕಡೀದು ಗಂಜಿಗೆ.
ಒಂದು ಚೀಲ ಹೋತು, ಅಂದಳು. ಸಹಿ ಹಾಕಿದಳು.
ಚಾ ಕುಡೀರಿ ಅನ್ನಲಿಲ್ಲ.
ಆ ವಾರ ಮಗಳ ಫೋನೂ ಬರಲಿಲ್ಲ.
ಗಂಜಿನ್ಯಾಗ ಕೊಳ್ಳೋರಿಗೂ ಹೊಟ್ಟಿ ಇರತದ ಅಂತ
ನನಗ ರಾತ್ರಿ ಮಲಗಿದಾಗ ಹೊಳೀತು.

ಕಲಬುರಗಿ ಹಾಸ್ಟೆಲ್ಲಿನ ಟೆಂಡರಿಗೆ ಬ್ಯಾರೆ ಪ್ರಶ್ನೆ:
ಮೂರು ವರ್ಷದ ವಹಿವಾಟು ಎಷ್ಟು, ಗೋದಾಮು ಎಲ್ಲಿ, ಠೇವಣಿ ಯಾರದು.
ಆರುನೂರು ಹುಡುಗೀರಿಗೆ ಒಬ್ಬನೇ ಗುತ್ತಿಗೆದಾರ,
ತೊಗರಿ ಸೀಮಿಗೆ ತೊಗರಿ
ಹಡಗು ಹತ್ತಿ ಬರತದ, ನಗಬ್ಯಾಡ್ರಿ.

ಅಡಗಿ ನಾಗಿಂದ್ರಮ್ಮ ಎರಡು ಪಾತ್ರಿ ಇಟ್ಟಳು, ಒಂದ ಉರಿ.
ವಾರ್ಡನ್ ಬಾಯಾರು ಗಡಿಯಾರ ಹಿಡದು ನಿಂತರು.
ಯಾವುದು ಮೊದಲು ಕರಗಿತು, ನಾ ಹೇಳೂದಿಲ್ಲ,
ಬ್ಯಾಳಿ ನಂದು, ನನ್ನ ಮಾತು ಸಾಕ್ಷಿಗೆ ನಡಿಯಂಗಿಲ್ಲ.
ಉಂಡಾದ ಮ್ಯಾಲ ಮುಸುರಿ ಬಕೀಟು ತೂಗಿದ್ವಿ:
ಮೊನ್ನೆ ಹನ್ನೊಂದು ಕಿಲೋ, ಇವತ್ತು ಎರಡು,
ಅದರಾಗೂ ಹೆಚ್ಚಿಂದು ಬಗಿದು ಬಿಟ್ಟ ಮೆಣಸಿನಕಾಯಿ.
ಬಾಯಾರು ಬಕೀಟಿನ ತೂಕ ಫೈಲಿನ್ಯಾಗ ಬರಕೊಂಡರು.
ಅದು ನಮ್ಮ ಸರ್ಟಿಫಿಕೇಟು.

ತಿಂಗಳಿಗೆ ನಾಕು ಕ್ವಿಂಟಲ್ ಬ್ಯಾಳಿ,
ವಾರಕ್ಕ ಎರಡು ದಿನ ಜ್ವಾಳದ ರೊಟ್ಟಿ, ಪುಂಡಿಪಲ್ಲೆ.
ಬಿಲ್ಲು ಖಜಾನ್ಯಾಗ ಅದ ಅಂತಾರ.
ಯುಗಾದಿ ಆತು, ಕಾರಹುಣ್ಣಿಮಿ ಆತು,
ಖಜಾನ್ಯಾಗೇ ಅದ.
ಸುಗಲಾಬಾಯಿ ಒಂದು ಚೀಲ ಸುಮ್ಮ ಗಂಜಿಗೆ ಒಯ್ದಳು.
ನಾವು ನೋಡಿದ್ವಿ, ನೋಡದಾಂಗ ಮಾಡಿದ್ವಿ.
ಅದಕ್ಕೂ ಹಾಳ್ಯಾಗ ಜಾಗ ಇರಲಿಲ್ಲ.

ಈ ವರ್ಷ ಮತ್ತ ಹೊಂಟೀವಿ. ನಾಯಿ ಇಲ್ಲ.
ಚಿಂದಿ ಬಿಸಿಲಿಗೆ ಬೆಳ್ಳಗಾಗ್ಯದ.
ಬದು ದಾಟಿ ಹಣಮಂತರಾಯ ಕೇಳಿದ:
ಅದ್ಯಾಕಬೇ ಅಲ್ಲಿ ಕಟ್ಟೀರಿ?
ಹೇಳಿದೆ. ಅಂವ ತಲಿ ತುರಿಸಿಕೊಂಡ.
ಆಮ್ಯಾಲ ತನ್ನ ಹತ್ತ್ಯಾಗ ಹೆಜ್ಜಿ ಹಾಕ್ಲಾಕ ಹತ್ತಿದ,
ಬದುವಿನಿಂದ ಒಳಗ, ಎಣಿಸಕೋತ.
ಎಷ್ಟಕ್ಕ ನಿಂತ, ನನಗ ಕಾಣಲಿಲ್ಲ.
ನಡುವ ತೊಗರಿ ಆಳೆತ್ತರ ಇತ್ತು.