ನಾಲ್ಕು ಇಂಚು

ಸವಾದ್ ತನ್ನ ಪಿಕಪ್ಪನ್ನು ಎತ್ತರಿಸಿದ್ದಾನೆ.
ಉಪ್ಪಳದ ವಿಲ್ಫಿಯ ಶೆಡ್ಡಿನಲ್ಲಿ ಎರಡು ದಿನ ನಿಲ್ಲಿಸಿ
ಸ್ಪ್ರಿಂಗಿನ ಪ್ಲೇಟುಗಳಿಗೂ ಆಕ್ಸಿಲಿಗೂ ನಡುವೆ
ಕಬ್ಬಿಣದ ಅಚ್ಚು ಇರಿಸಿ, ಉದ್ದದ ಬೋಲ್ಟು ಬಿಗಿದು,
ನಾಲ್ಕು ಇಂಚು.
ಪೈವಳಿಕೆಯ ಪದವು ಹತ್ತಿ ಬಂದಾಗ
ಗಾಡಿ ಯಾರದ್ದೋ ಮದುವೆಗೆ ಹೊರಟ ಹಾಗಿತ್ತು.

"ಇನ್ನು ಹೊಟ್ಟೆ ತಾಗುವುದಿಲ್ಲ, ಐತಪ್ಪಣ್ಣ" ಅಂದ.
ಬಗ್ಗಿ ನೋಡಿದೆ. ಹೌದು, ಹೊಟ್ಟೆ ಮೇಲೆ ಹೋಗಿದೆ.
ಆಕ್ಸಿಲಿನ ನಡುವಿನ ಆ ಗಡ್ಡೆ ಮಾತ್ರ
ಇದ್ದಲ್ಲೇ ಉಂಟು, ನೆಲಕ್ಕೆ ಒಂದು ಗೇಣಿನಲ್ಲಿ,
ಕೋರೆಯ ದಾರಿಯ ಅದೇ ಕಲ್ಲಿಗೆ ಕಾದುಕೊಂಡು.
ಹೇಳಲಿಲ್ಲ. ಹೊಸತಕ್ಕೆ ಮೊದಲ ದಿನ ಬಾಯಿ ಹಾಕಬಾರದು.

ಮೊದಲು ಹಲಗೆ ನನ್ನ ಹೊಕ್ಕುಳಿನ ಮಟ್ಟಕ್ಕಿತ್ತು.
ಕಲ್ಲನ್ನು ತೊಡೆಗೆ ಒರಗಿಸಿ ಮೊಣಕಾಲಲ್ಲಿ ಒಂದು ಮೀಟು,
ಊಟಕ್ಕೆ ಕರೆದ ನೆಂಟನ ಹಾಗೆ
ಅದು ತಾನೇ ಹೋಗಿ ಕೂರುತ್ತಿತ್ತು.
ಈಗ ಎದೆಗೂಡಿನ ಕೆಳಗಿನ ಎಲುಬು.
ಮೊಣಕಾಲಿಗೆ ಕೆಲಸ ಇಲ್ಲ. ಎಲ್ಲ ತೋಳಿನದ್ದೇ.
ಮೇಲೆ ನಿಂತ ಕೊರಗ್ಗುವಿಗೆ ಎಂತದೂ ಬದಲಾಗಲಿಲ್ಲ,
ಅವನಿಗೆ ಕಲ್ಲು ಬರುವುದು ಅದೇ ಕಾಲಡಿಗೆ.
ನಾನು ಗಿಡ್ಡ ಆದದ್ದು ಮಾತ್ರ ಅವನಿಗೆ ಕಂಡಿತು.

ಲೆಕ್ಕ ಹಾಕಿದೆ, ಒಂದು ಬೀಡಿ ಮುಗಿಯುವುದರೊಳಗೆ.
ಲೋಡಿಗೆ ಪುಸ್ತಕದಲ್ಲಿ ನಲವತ್ತೈದು ಕಲ್ಲು, ಸವಾದನಲ್ಲಿ ಅರವತ್ತು.
ಅರವತ್ತು ಸಲ ನಾಲ್ಕು ಇಂಚು ಅಂದರೆ ಇಪ್ಪತ್ತು ಅಡಿ.
ಐದು ಟ್ರಿಪ್ಪಿಗೆ ನೂರು.
ದಿನಕ್ಕೊಮ್ಮೆ ಒಂದು ಕೆಂಪು ಕಲ್ಲನ್ನು ತಬ್ಬಿಕೊಂಡು
ತೆಂಗಿನ ಮರ ಹತ್ತುತ್ತೇನೆ,
ಮರ ಮುಗಿದ ಮೇಲೂ ಹತ್ತುತ್ತೇನೆ.
ಕೂಲಿ ನೆಲದ್ದೇ.

ಎತ್ತರಿಸಿದರೆ ಜಾಸ್ತಿ ಹೊರುತ್ತದೆ ಅಂತ ಅವನ ಎಣಿಕೆ.
ಅದೇ ಪ್ಲೇಟು, ಅದೇ ಬ್ರೇಕು,
ಭಾರ ಮಾತ್ರ ಮಹಡಿಗೆ ಹೋಯಿತು.
ತಿರುವಿನಲ್ಲಿ ಅರವತ್ತೂ ಕಲ್ಲು
ಒಂದು ಕ್ಷಣ ಯೋಚಿಸುತ್ತವೆ.

ಮಂಗಳವಾರ ಬಾಯಾರಿನಲ್ಲೊಂದು ಸ್ಲ್ಯಾಬು. ಮಿಕ್ಸರು ಎಳೆಯಬೇಕು.
ಕೊಂಡಿಯೂ ಮೇಲೆ ಹೋಗಿದೆ ಅಂತ ಆಗ ನೆನಪಾಯಿತು.
ಮಿಕ್ಸರಿನ ಮೂತಿ ಆಕಾಶ ನೋಡಿತು, ಹಿಂಭಾಗ ನೆಲ ಹುಡುಕಿತು.
ಮೂತಿ ಏರಿದರೆ ಭಾರ ಹಿಂದಕ್ಕೆ ಜಾರುತ್ತದೆ,
ಕೊಂಡಿಯನ್ನು ಒತ್ತಬೇಕಾದದ್ದು ಕೊಂಡಿಯನ್ನೇ ಎತ್ತುತ್ತದೆ.
ಇದು ಶಾಲೆಯಲ್ಲಿ ಕಲಿತದ್ದಲ್ಲ, ಕುಂಬಳೆ ಪೇಟೆಯಲ್ಲಿ
ಅಪ್ಪನ ಕೈಗಾಡಿಯ ಜೊತೆ ಕಲಿತದ್ದು:
ಹಿಂದೆ ಹೆಚ್ಚು ಹೇರಿದರೆ ಎಳೆಯುವವನೇ ನೇತಾಡುತ್ತಾನೆ.

ಇಳಿಜಾರಿನ ಎರಡನೇ ತಿರುವಿನಲ್ಲಿ ಅದು ಬಾಲ ಆಡಿಸಿತು.
ಎಡಕ್ಕೆ ಒಮ್ಮೆ.
ಬಲಕ್ಕೆ, ಸ್ವಲ್ಪ ಜಾಸ್ತಿ.
ಮತ್ತೆ ಎಡಕ್ಕೆ ಬರುವಾಗ ನನಗೆ ದೇವರ ಹೆಸರು ಮರೆತಿತ್ತು.
ಸವಾದ್ ಬ್ರೇಕು ತುಳಿಯಲಿಲ್ಲ, ಪುಣ್ಯ. ಕಾಲು ತೆಗೆದ.
ಮೋರಿಯ ಕಟ್ಟೆಗೆ ಒಂದು ಮುತ್ತು ಕೊಟ್ಟು
ಮಿಕ್ಸರು ಸುಮ್ಮನಾಯಿತು.
ಎದುರಿನ ಬಸ್ಸಿನವ ಮಲಯಾಳದಲ್ಲಿ ಎಂತದೋ ಹೇಳಿದ.
ಅರ್ಥ ಹೇಳುವುದು ಬೇಡ.

ಸಂಜೆಯೇ ವಿಲ್ಫಿ ಕೆಳಕ್ಕೆ ಬಾಗಿದ ಕೊಂಡಿ ಬೆಸೆದು ಕೊಟ್ಟ,
ಸರಿಯಾಗಿ ನಾಲ್ಕು ಇಂಚು ತಗ್ಗಿಸಿ.
ಈಗ ಯಂತ್ರ ಮಟ್ಟಸವಾಗಿ ಹೋಗುತ್ತದೆ,
ತುಂಬಿದ ಲೋಟ ಇಟ್ಟರೂ ಚೆಲ್ಲದ ಹಾಗೆ.

ಗುರುವಾರ ಕೊರಗ್ಗು ಬರಲಿಲ್ಲ.
ನಾನು ಮೇಲೆ ನಿಂತೆ, ಸವಾದ್ ಅಂಗಿ ಕಳಚಿ ಕೆಳಗೆ.
ಹನ್ನೊಂದನೇ ಕಲ್ಲಿಗೆ ಅವನ ಮಾತು ನಿಂತಿತು.
ಹತ್ತೊಂಬತ್ತನೆಯದ್ದು ಅಂಚಿಗೆ ಬಡಿದು ಮೂಲೆ ಮುರಿಯಿತು.
ಮುರಿದದ್ದನ್ನು ಚಕ್ರದ ಪಕ್ಕ ಮಲಗಿಸಿ
ಅದನ್ನೇ ಮೆಟ್ಟಲು ಮಾಡಿಕೊಂಡ.
"ಏಳು ಇಂಚು ದಪ್ಪ, ನಾಲ್ಕು ಕಳೆದರೆ
ಮೂರು ಇಂಚು ಲಾಭವೇ ಅಲ್ಲವಾ, ಐತಪ್ಪಣ್ಣ?"

ಆ ಕಲ್ಲು ಈಗಲೂ ಅಲ್ಲೇ ಉಂಟು.
ನನ್ನ ಎಡಗಾಲಿಗೆ ಅದರಲ್ಲಿ ಗುಳಿ ಬೀಳುತ್ತಿದೆ.
ಪ್ರತಿ ಕಲ್ಲಿನ ಜೊತೆ ಈಗ ನನ್ನನ್ನೂ ಎತ್ತುತ್ತೇನೆ.
ನನ್ನ ತೂಕ ಐವತ್ತೆರಡು ಕಿಲೋ.
ಈ ಲೆಕ್ಕಕ್ಕೆ ಇನ್ನೊಂದು ಬೀಡಿ ಬೇಕು.